ಅಪ್‌ಡೇಟ್: ಎಫ್‌ಜಿಎಫ್-2 ವಯಲ್ ಕೆಟ್ಟಿರಲಿಲ್ಲ

ನಾನು ಕೇಳಿದ್ದು ಇಷ್ಟು: ನಮ್ಮ ಮಾನವ ಐಪಿಎಸ್ ಕೋಶಗಳು (ಯಾವ ಬಗೆಯ ಕೋಶವಾಗಿಯೂ ಬದಲಾಗಬಲ್ಲ ಕಾಂಡಕೋಶಗಳು) ವಾರವಿಡೀ ಚೆನ್ನಾಗಿರುತ್ತವೆ. ಭಾನುವಾರ ಮೀಡಿಯಾ (ಕೋಶ ಬೆಳೆಸುವ ಪೋಷಕ ದ್ರವ) ಬದಲಿಸದಿದ್ದರೆ ಸೋಮವಾರ ಕಾಲೊನಿಗಳ, ಅಂದರೆ ಕೋಶಗಳ ಗುಂಪುಗಳ, ಅಂಚು ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಮೀಡಿಯಾಕ್ಕೆ ಹಾಕುವ ಎಫ್‌ಜಿಎಫ್-2 ಒಂದು ಗ್ರೋತ್ ಫ್ಯಾಕ್ಟರ್, ಅಂದರೆ ಕೋಶ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್. ಅದರ ಹೊಸ ಲಾಟ್ ಕೆಟ್ಟಿದೆಯಾ?

ಇಲ್ಲ. ಹಳೆ ಲಾಟ್, ಹೊಸ ಲಾಟ್ ಪಕ್ಕಪಕ್ಕ ಹಾಕಿ ನೋಡಿದೆವು. ದಿನಾ ಮೀಡಿಯಾ ಬದಲಿಸಿದಾಗ ಎರಡೂ ಒಂದೇ ಥರ. ಒಂದು ದಿನ ಬಿಟ್ಟರೆ ಎರಡೂ ಕೈಕೊಡುತ್ತವೆ.

ನಿಮ್ಮಲ್ಲಿ ಹಲವರು ಹೇಳಿದ್ದೇ ಸರಿ, ತೊಂದರೆ ಬಿಸಿಯದು. ಸುಮಾರು 17 ಕಿಲೊಡಾಲ್ಟನ್ನಿನ ಈ ಪುಟ್ಟ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸುಲಭವಾಗಿ ತಯಾರಿಸುತ್ತಾರೆ. ಆದರೆ 37 ಡಿಗ್ರಿಯಲ್ಲಿ ಇದರ ಮಡಿಕೆ ಬಿಚ್ಚಿಕೊಳ್ಳುತ್ತದೆ. ಇನ್‌ಕ್ಯುಬೇಟರಿನಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಕಸುವಿನ ಬಹುಪಾಲು ಹೋಗಿರುತ್ತದೆ. ಇಂಥ ಕೋಶಗಳಿಗೆ ಬಳಸುವ ಇ8 ಎಂಬ ಮೀಡಿಯಾದಲ್ಲಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಸುರಿಯುವುದು ಸುಮ್ನೆ ಅಲ್ಲ!

ಹೆಪಾರಿನ್ ಸೇರಿಸಿ ಎಂದವರಿಗೂ ಥ್ಯಾಂಕ್ಸ್. ಅದು ಎಫ್‌ಜಿಎಫ್-2ಗೆ ಅಂಟಿಕೊಂಡು ಅದನ್ನು ಕಾಪಾಡುತ್ತದೆ, ನಿಜ. ಆದರೆ ಹೆಪಾರಿನ್ ಬೇರೆ ಗ್ರೋತ್ ಫ್ಯಾಕ್ಟರ್‌ಗಳಿಗೂ ಅಂಟುತ್ತದೆ. ನಮ್ಮ ಪ್ರಯೋಗಕ್ಕೆ ಆ ಗೊಂದಲ ಬೇಡವಾಗಿತ್ತು. ಕೊನೆಗೆ ಎಫ್‌ಜಿಎಫ್-2ರ ಬಿಸಿ ತಡೆಯುವ ಜಿ3 ಎಂಬ ರೂಪಕ್ಕೆ ಬದಲಾದೆವು. ಅದರಲ್ಲಿ 9 ಅಮೈನೊ ಆಮ್ಲ ಬದಲಿಸಿದ್ದಾರೆ. ಈಗ ಸೋಮವಾರ ಕಾಲೊನಿಗಳ ಅಂಚು ನೀಟಾಗಿದೆ. ಪುಡಿ ಕರಗಿಸುವಾಗ ಶೇ 0.1 ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಹಾಕುವುದನ್ನು ಮಾತ್ರ ಬಿಟ್ಟಿಲ್ಲ, ಇಲ್ಲವಾದರೆ ಜಿ3 ಟ್ಯೂಬಿನ ಗೋಡೆಗೇ ಅಂಟಿ ಕೂರುತ್ತದೆ.

ಡಿಫರೆನ್ಶಿಯೇಶನ್ (ಕೋಶಗಳನ್ನು ಬೇರೆ ಬಗೆಯ ಕೋಶಗಳಾಗಿ ಬದಲಿಸುವುದು) ಶುರು ಮಾಡುವ ಮುಂಚೆ ಜಿ3 ಹೋಗಲು ಕೋಶಗಳನ್ನು ಎಷ್ಟು ಸಲ ತೊಳೆಯುತ್ತೀರಿ? ಇದು ತಾನಾಗಿ ಬೇಗ ಕಸುವು ಕಳೆದುಕೊಳ್ಳುವುದಿಲ್ಲ ಅಲ್ವಾ.