ದೆವ್ವದ ಸಿನಿಮಾ ನೋಡಿ ಹೆದರಿದ ಮಗ: ನಿಮ್ಮ ಹೆದರಿಕೆ ಹೇಗೆ ಹೋಯಿತು?

ಪ್ರಶ್ನೆ, ಕಲಬುರಗಿಯ ಒಬ್ಬ ತಾಯಿಯಿಂದ

ನನ್ನ ಮಗನಿಗೆ ಒಂಬತ್ತು ವರ್ಷ. ದಸರಾ ರಜೆಗೆ ಅವನ ಕಾಕಾನ ಮನೆಗೆ ಕಳುಹಿಸಿದ್ದೆವು. ಅಲ್ಲಿ ದೊಡ್ಡ ಹುಡುಗರೆಲ್ಲ ಸೇರಿ ರಾತ್ರಿ ಹನ್ನೊಂದರ ಮೇಲೆ ದೆವ್ವದ ಸಿನಿಮಾ ಹಾಕಿಕೊಂಡಿದ್ದಾರೆ, ಇವನೂ ನಡುವೆ ಕುಳಿತು ನೋಡಿದ್ದಾನೆ. ಮನೆಗೆ ಬಂದು ಎರಡು ವಾರ ಕಳೆಯಿತು. ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗುವುದಿಲ್ಲ, ದೀಪ ಆರಿಸಲು ಬಿಡುವುದಿಲ್ಲ, ಮಂಚದ ಕೆಳಗೆ ಯಾರಾದರೂ ಇದ್ದಾರೆಯೇ ನೋಡು ಎಂದು ದಿನಾ ನನ್ನನ್ನು ಮೂರು ಸಲ ಬಗ್ಗಿಸುತ್ತಾನೆ. ಅತ್ತೆಯವರು ಉಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದರು. ಯಜಮಾನರು ನಗುತ್ತಾರೆ. "ನಾವೂ ನೋಡಿಯೇ ಬೆಳೆದವರಲ್ಲವೇ, ನಮಗೇನಾಯಿತು?" ಎನ್ನುತ್ತಾರೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ತಡರಾತ್ರಿ ಟಿವಿಯಲ್ಲಿ ಇಂಥ ಸಿನಿಮಾ ನೋಡಿ ಬೆಳೆದವರು ಬಹಳ ಜನ ಇದ್ದೀರಿ. ನಿಮ್ಮ ಹೆದರಿಕೆ ಹೇಗೆ ಹೋಯಿತು? ಮನೆಯವರು ಮಾಡಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಇನ್ನಷ್ಟು ಕೆಡಿಸಿತು?

ಶಹಾಪುರದಿಂದ

ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಸಿನಿಮಾ ನೋಡುವಾಗ ನನಗೆ ಭಯವೇ ಇರಲಿಲ್ಲ. ಇಪ್ಪತ್ತು ಜನರ ಮಧ್ಯೆ, ಯಾರದೋ ಮಡಿಲಿಗೆ ಆನಿಕೊಂಡು ಕುಳಿತವನಿಗೆ ಎಂಥ ಭಯ? ಕಷ್ಟ ಶುರುವಾಗುತ್ತಿದ್ದದ್ದು ಸಿನಿಮಾ ಮುಗಿದ ಮೇಲೆ. ನಮ್ಮ ಮನೆಗೆ ಎಂಬತ್ತು ಹೆಜ್ಜೆ, ನಡುವೆ ಒಂದು ಹುಣಸೆ ಮರ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ, ಏಕೆಂದರೆ ನನ್ನ ಚಪ್ಪಲಿಯ ಸಪ್ಪಳವೇ ನನ್ನ ಬೆನ್ನು ಹತ್ತುತ್ತಿತ್ತು. ದೂರದಲ್ಲಿ ಬುದ್ಧ ಮಲಗಿದ ಬೆಟ್ಟ. ಹಗಲು ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಅದೇ ಬೆಟ್ಟ ಆ ರಾತ್ರಿಗಳಲ್ಲಿ ಯಾವ ಗಳಿಗೆಯಲ್ಲಾದರೂ ಎದ್ದು ಕುಳಿತೀತು ಎನಿಸುತ್ತಿತ್ತು.

ಟಿವಿ ಮನೆಯ ಅವ್ವ ನನ್ನ ಜೊತೆ ಒಂದು ದಿನವೂ ಬರಲಿಲ್ಲ. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಮಾತನಾಡುತ್ತಿದ್ದರು. ನಾಳೆ ಶಾಲೆ ಇದೆಯೇ, ನಿಮ್ಮ ಎಮ್ಮೆ ಈದಿತೇ, ಅಕ್ಕನ ಸೀಮಂತ ಯಾವಾಗ, ಹೀಗೆ ಏನಾದರೊಂದು. ನಾನು ಉತ್ತರ ಹೇಳುತ್ತಾ ಹೇಳುತ್ತಾ ಹುಣಸೆ ಮರ ದಾಟಿರುತ್ತಿದ್ದೆ. ಕೊನೆಗೆ "ಮುಟ್ಟಿದೆಯಾ?" ಎಂದು ಕೂಗುವರು. "ಮುಟ್ಟಿದೆ" ಎಂದು ನಾನು ಬಾಗಿಲು ಹಾಕಿಕೊಳ್ಳುವೆ. ಅಕ್ಕನವರೇ, ಬಚ್ಚಲ ಬಾಗಿಲವರೆಗೆ ಹೋಗಬೇಡಿ. ಇದ್ದಲ್ಲಿಯೇ ಕುಳಿತು ಮಾತು ಬಿಡದೆ ಆಡುತ್ತಿರಿ. ಅಷ್ಟು ಸಾಕು.

ಕಲಬುರಗಿಯವನು, ಈಗ ಪುಣೆಯಲ್ಲಿ

ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಈ ವಿಷಯ ಎತ್ತಿದರೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ, ಇಲ್ಲಾದರೂ ಹೇಳಿಕೊಳ್ಳುತ್ತೇನೆ.

ಟಿವಿಯ ವಿಷಯದಲ್ಲಿ ನಮ್ಮ ಊರಿಗೆ ತುಸು ಗರ್ವವಿದೆ. ದೂರದರ್ಶನ ಕೇಂದ್ರ ನಮ್ಮಲ್ಲಿಗೆ ಬಂದದ್ದು 1977ರಲ್ಲಿ, ಬೆಂಗಳೂರಿಗೆ 1981ರಲ್ಲಿ. ಮನೆಗೆ ಬೀಗರು ಬಂದರೆ ನನ್ನ ಮುತ್ಯಾ ಇದನ್ನು ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಆದರೆ ನನ್ನನ್ನು ಹೆದರಿಸಿದ್ದು ದೂರದರ್ಶನವಲ್ಲ, ತೊಂಬತ್ತರ ದಶಕದ ಕೇಬಲ್. 1993ರಲ್ಲಿ ಜೀ ಟಿವಿಯಲ್ಲಿ ರಾಮ್ಸೆ ಸಹೋದರರ ದೆವ್ವದ ಧಾರಾವಾಹಿ ಶುರುವಾಯಿತು. ಅದು ಸಾಲದೆಂಬಂತೆ ನಮ್ಮ ಬಡಾವಣೆಯ ಕೇಬಲ್‌ನವನು ಒಂದು ವಿಸಿಆರ್ ಇಟ್ಟುಕೊಂಡು ತನ್ನದೇ ಚಾನೆಲ್ ನಡೆಸುತ್ತಿದ್ದ. ಸಂಜೆ ಮನೆಮಂದಿಯ ಸಿನಿಮಾ, ರಾತ್ರಿ ಹನ್ನೊಂದಕ್ಕೆ ದೆವ್ವದ್ದು. ತೆರೆಯ ಮೇಲೆ ಹಾಳು ಹವೇಲಿಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿರುವಾಗ ಕೆಳಗೆ 'ಮದುವೆ ಸೀರೆಗಳಿಗೆ ವಿಶೇಷ ರಿಯಾಯಿತಿ' ಎಂಬ ಸಾಲು ಹರಿದುಹೋಗುತ್ತಿತ್ತು. ಆ ಸಾಲು ನನಗೆ ಎಷ್ಟು ಧೈರ್ಯ ಕೊಡುತ್ತಿತ್ತು ಎಂದರೆ, ಅದು ನಿಂತ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನಾನು ನೋಡುತ್ತಿದ್ದದ್ದು ಕೌದಿಯ ಒಳಗಿನಿಂದ. ಆಯಿ ತನ್ನ ಹಳೆಯ ಇಳಕಲ್ ಸೀರೆ, ಮುತ್ಯಾನ ಧೋತರ ಸೇರಿಸಿ ಹೊಲಿದ ಕೌದಿ ಅದು. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು ಬೆರಳು ತೂರುವಷ್ಟು ತೂತಾಗಿತ್ತು. ಆ ತೂತಿನಲ್ಲಿ ತೆರೆಯ ಕಾಲುಭಾಗ ಕಂಡರೆ ಹೆಚ್ಚು. ಉಳಿದ ಮುಕ್ಕಾಲನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಸಿನಿಮಾದವರ ದೆವ್ವದ ಮುಖಕ್ಕೆ ಬಳಿದ ಬಣ್ಣ ಕಾಣುತ್ತಿತ್ತು. ನನ್ನ ದೆವ್ವಕ್ಕೆ ಅಂಥ ದೋಷ ಒಂದೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಲ ಕಾಡಿದ್ದು ಯಾವುದು ಗೊತ್ತೇ? ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಸಿನಿಮಾ. ಕೊನೆಯಲ್ಲಿ ಪೂಜಾರಿಯೋ ಫಕೀರನೋ ಬಂದು ದೆವ್ವವನ್ನು ಸುಟ್ಟದ್ದನ್ನು ನಾನು ನೋಡಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಬದುಕಿಯೇ ಇತ್ತು, ಅದಕ್ಕೆ ನಮ್ಮ ಮನೆಯ ದಾರಿಯೂ ಗೊತ್ತಿತ್ತು. ನಿಮ್ಮ ಮಗ ಆ ಸಿನಿಮಾವನ್ನು ಕೊನೆಯವರೆಗೆ ನೋಡಿದ್ದಾನೆಯೇ, ಕೇಳಿ. ನೋಡಿಲ್ಲದಿದ್ದರೆ ಹಗಲು ಹೊತ್ತಿನಲ್ಲಿ ಯಾರಾದರೂ ಕಥೆಯನ್ನು ಮುಗಿಸಿಕೊಡಿ.

ಇನ್ನು ಆ ಚುಕ್ಕಿ. ನಮ್ಮದು ಕಪ್ಪು-ಬಿಳುಪು ಟಿವಿ. ಆರಿಸಿದ ಮೇಲೆ ಚಿತ್ರವೆಲ್ಲ ನಡುವಿಗೆ ಕುಗ್ಗಿ ಒಂದು ಬಿಳಿ ಚುಕ್ಕಿಯಾಗಿ ಉಳಿಯುತ್ತಿತ್ತು, ಕತ್ತಲಲ್ಲಿ ಕೆಲವು ಕ್ಷಣ ಹಾಗೆಯೇ ನೋಡುತ್ತಿತ್ತು. ಒಳಗೆ ಯಾರೋ ಒಂದೇ ಕಣ್ಣು ತೆರೆದುಕೊಂಡು, ಇವನು ಮಲಗಿದನೇ ಎಂದು ಕಾಯುತ್ತಿದ್ದಾರೆ ಎಂದೇ ನಂಬಿದ್ದೆ. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಐಟಿಐ ಓದುವಾಗ. ಸ್ವಿಚ್ ಆರಿಸಿದರೂ ಚಿತ್ರ ಕೊಳವೆಯ ಹಿಂದಿನ ತಂತಿ ತಕ್ಷಣ ತಣ್ಣಗಾಗುವುದಿಲ್ಲ, ಎಲೆಕ್ಟ್ರಾನುಗಳು ಇನ್ನೂ ಹೊರಡುತ್ತಿರುತ್ತವೆ. ಅವುಗಳನ್ನು ತೆರೆಯ ಮೇಲೆಲ್ಲ ಹರಡುವ ಸುರುಳಿಗಳಿಗೆ ಮಾತ್ರ ವಿದ್ಯುತ್ ನಿಂತಿರುತ್ತದೆ, ಹಾಗಾಗಿ ಎಲ್ಲವೂ ನಡುವಿಗೇ ಬಂದು ಬೀಳುತ್ತವೆ. ಒಂಬತ್ತನೇ ವಯಸ್ಸಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು.

ಆದರೆ ತಗಡಿನ ವಿಷಯ ಹೇಳಿಕೊಟ್ಟವರಿದ್ದರು. ನಾವು ಮಲಗುತ್ತಿದ್ದ ಹಿಂದಿನ ಕೋಣೆಗೆ ತಗಡು ಹೊದಿಸಿತ್ತು. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ, 42-43 ಡಿಗ್ರಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ಹನ್ನೆರಡರ ಸುಮಾರಿಗೆ ಮೇಲಿನಿಂದ 'ಟಣ್' ಎನ್ನುವುದು. ಸ್ವಲ್ಪ ಬಿಟ್ಟು ಇನ್ನೊಂದು ಮೂಲೆಯಲ್ಲಿ 'ಕಟ್'. ಯಾರೋ ಬರಿಗಾಲಿನಲ್ಲಿ ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೊಂದು ಹೆಜ್ಜೆ ಇಟ್ಟಂತೆ. ನಾನು ಕೂಗಿಕೊಂಡ ರಾತ್ರಿ ಮುತ್ಯಾ ಬೈಯಲಿಲ್ಲ, ನಗಲೂ ಇಲ್ಲ. ಮರುದಿನ ಮಧ್ಯಾಹ್ನ ನಿಚ್ಚಣಿಕೆ ಹಚ್ಚಿ, ಒಂದು ಕೊಡ ನೀರು ಹಿಡಿದು ಮೇಲೇರಿ, ನನ್ನ ಬೆರಳನ್ನು ತಗಡಿಗೆ ಮುಟ್ಟಿಸಿದರು. ಚುರ್ರೆಂದಿತು. ಆಮೇಲೆ ಕೊಡವನ್ನು ಬಗ್ಗಿಸಿದರು. ರಾತ್ರಿಯೆಲ್ಲ ಒಂದೊಂದಾಗಿ ಬರುತ್ತಿದ್ದ ಸಪ್ಪಳವೆಲ್ಲ ಒಟ್ಟಿಗೆ ಬಂತು: ಟಣ್, ಕಟ್, ಟಣಟಣ. "ಕಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ನಿನ್ನ ದೆವ್ವದ ಮೈಮೇಲೆ ನೀರು ಹಾಕಿದೆ ನೋಡು" ಎಂದರು. ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, ಎಷ್ಟು ಸಲ ಬಡಿಯುತ್ತದೆ ಎಣಿಸು ಎಂದರು. ಹತ್ತೊಂಬತ್ತಕ್ಕೆ ನನಗೆ ನಿದ್ದೆ ಹತ್ತಿತು.

ಕೆಡಿಸಿದವರ ಬಗ್ಗೆಯೂ ಕೇಳಿದ್ದೀರಿ. ಒಂದು ವಾರದ ನಂತರ ನಮ್ಮ ಕಾಕಾ ತಮಾಷೆಗೆಂದು ಮಂಚದ ಕೆಳಗೆ ಅಡಗಿ ಕುಳಿತು ನನ್ನ ಕಾಲು ಹಿಡಿದೆಳೆದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮುತ್ಯಾ ಕಟ್ಟಿದ್ದನ್ನೆಲ್ಲ ಕಾಕಾ ಒಂದೇ ರಾತ್ರಿಯಲ್ಲಿ ಕೆಡವಿದರು. ನನಗೀಗ ನಲವತ್ತು ದಾಟಿದೆ, ಮಂಚದಿಂದ ಕಾಲು ಹೊರಗೆ ಚಾಚಿ ಮಲಗುವುದಿಲ್ಲ. ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ಹಾಗೆಯೇ, ಮಂಚದ ಕೆಳಗೆ ನೀವು ಬಗ್ಗಬೇಡಿ, ಟಾರ್ಚ್ ಅವನ ಕೈಗೆ ಕೊಡಿ.

ಬೀದರ್‌ನಿಂದ, ನಿವೃತ್ತ ಶಿಕ್ಷಕಿ

ತಂಗೀ, ಮೇಲಿನವರೆಲ್ಲ ಚೆನ್ನಾಗಿ ಬರೆದಿದ್ದಾರೆ, ನಾನೂ ನಕ್ಕೆ. ಆದರೆ ಎಲ್ಲ ಮಕ್ಕಳ ಹೆದರಿಕೆಯೂ ಹೀಗೆ ಕಥೆಯಾಗಿ ಮುಗಿಯುವುದಿಲ್ಲ, ಅದನ್ನೂ ಒಬ್ಬರು ಹೇಳಬೇಕು.

ನಾವು ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳ ಹತ್ತಿರ ಆಡಿ ಬೆಳೆದವರು. ಗುಮ್ಮಟದೊಳಗೆ ಹೆಸರು ಕೂಗಿ ಅದು ತಿರುಗಿ ಬರುವುದನ್ನು ಕೇಳುವುದೇ ನಮ್ಮ ಆಟ. ನನ್ನ ತಮ್ಮ ಒಂದು ರಾತ್ರಿ ಟಿವಿಯಲ್ಲಿ ಅಂಥದೇ ಗುಮ್ಮಟ, ಅಂಥದೇ ಗೋರಿ ಕಂಡ. ಅಲ್ಲಿ ಹುಮಾಯೂನ್ ಶಹಾನ ಗೋರಿಯ ಗುಮ್ಮಟ ಅರ್ಧ ಕುಸಿದು ಬಾಯಿ ತೆರೆದಂತೆ ನಿಂತಿದೆ. ಅದರ ಎದುರಿನ ದಾರಿಯನ್ನೇ ಅವನು ಬಿಟ್ಟ. ಮನೆಯಲ್ಲಿ 'ಅಂಜುಬುರುಕ' ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅವನು ಹೇಳುವುದನ್ನು ನಿಲ್ಲಿಸಿದ, ಹೆದರುವುದನ್ನಲ್ಲ. ಹೇಳುವುದು ನಿಂತದ್ದನ್ನೇ ನಾವು ಧೈರ್ಯ ಬಂತು ಎಂದುಕೊಂಡೆವು. ಅಕ್ಕನಾಗಿ ನಾನೂ ಆ ಹೆಸರನ್ನು ಕರೆದವಳೇ.

ಒಂದು ವ್ಯತ್ಯಾಸ ಗಮನಿಸು. ಬೆಳಗಿನ ಜಾವದ ಹೊತ್ತಿಗೆ ಎದ್ದು ಅತ್ತು, ಕಂಡದ್ದನ್ನು ಹೇಳಿದರೆ ಅದು ಕೆಟ್ಟ ಕನಸು, ಅಪ್ಪಿಕೊಂಡರೆ ಸಮಾಧಾನವಾಗುತ್ತದೆ. ಮಲಗಿದ ಒಂದೆರಡು ಗಂಟೆಯೊಳಗೆ ಕಿರುಚಿ ಎದ್ದು, ಕಣ್ಣು ತೆರೆದಿದ್ದರೂ ನಿನ್ನ ಗುರುತು ಹಿಡಿಯದೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ ಎಂದರೆ ಅದು ಬೇರೆ. ಅದಕ್ಕೆ ನಿದ್ದೆಯ ಭೀತಿ ಎನ್ನುತ್ತಾರೆ. ಆಗ ಅಲುಗಾಡಿಸಿ ಎಬ್ಬಿಸಬಾರದು, ಬೀಳದಂತೆ ನೋಡಿಕೊಂಡು ಪಕ್ಕದಲ್ಲಿದ್ದರೆ ತಾನಾಗಿಯೇ ಮಲಗುತ್ತಾನೆ. ಊಟ, ಶಾಲೆ, ನಿದ್ದೆ ಎಲ್ಲವೂ ಕೆಟ್ಟು ವಾರಗಟ್ಟಲೆ ಹಾಗೆಯೇ ನಡೆದರೆ ಮಕ್ಕಳ ವೈದ್ಯರಿಗೆ ತೋರಿಸು, ಸಂಕೋಚ ಬೇಡ. ದೃಷ್ಟಿ ತೆಗೆದದ್ದಕ್ಕೆ ಅತ್ತೆಯವರ ಮೇಲೆ ಸಿಟ್ಟಾಗಬೇಡ. ಅವರ ಕೈ ಅವನ ತಲೆಯ ಸುತ್ತ ಮೂರು ಸಲ ಸುತ್ತಿದೆಯಲ್ಲ, ಅದೂ ಒಂದು ಸಮಾಧಾನವೇ. 'ನಿನಗೆ ಏನೋ ಸೋಕಿದೆ' ಎಂದು ಮಾತ್ರ ಅವನ ಕಿವಿಗೆ ಬೀಳಬಾರದು.

ಇನ್ನೊಂದು, ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ನಂತರ ಸಿನಿಮಾಗಳಿಗೆ ಯುಎ 7+, ಯುಎ 13+, ಯುಎ 16+ ಎಂದು ವಯಸ್ಸಿನ ಗುರುತು ಹಾಕುತ್ತಾರೆ. ಮುಂದಿನ ರಜೆಯಲ್ಲಿ ಕಾಕಾನ ಮನೆಯ ದೊಡ್ಡ ಹುಡುಗರಿಗೆ ಆ ಗುರುತು ನೋಡುವ ಜವಾಬ್ದಾರಿ ಕೊಡು. ಜವಾಬ್ದಾರಿ ಕೊಟ್ಟರೆ ಆ ವಯಸ್ಸಿನವರು ನಮಗಿಂತ ಕಟ್ಟುನಿಟ್ಟು.

ಯಾದಗಿರಿಯಿಂದ

ನಾನು ಆ ಕಡೆಯವನು, ಎಂದರೆ ಸಿನಿಮಾ ಹಾಕುತ್ತಿದ್ದವನು! ಐದು ವರ್ಷ ಕೇಬಲ್ ಕಚೇರಿಯಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಕಚೇರಿ ಎಂದರೆ ಮಾಳಿಗೆಯ ಮೇಲಿನ ಒಂದು ಕೋಣೆ, ಪಕ್ಕದಲ್ಲಿ ಡಿಶ್, ಒಳಗೆ ಮೊದಲು ವಿಸಿಆರ್, ಆಮೇಲೆ ವಿಸಿಡಿ ಪ್ಲೇಯರ್, ಒಂದು ಫೋನು. ಕನ್ನಡದಲ್ಲಿ ಜನ ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದು 1979ರ 'ನಾ ನಿನ್ನ ಬಿಡಲಾರೆ', ಅನಂತನಾಗ್ ಮತ್ತು ಲಕ್ಷ್ಮಿ ಅವರದು. ಉಳಿದದ್ದೆಲ್ಲ ಹಿಂದಿ. ಹನ್ನೊಂದೂವರೆಗೆ ಯಾವುದಾದರೂ ತಾಯಿ ಫೋನ್ ಮಾಡಿ "ಮಗು ಅಳುತ್ತಿದೆ, ಅದನ್ನು ತೆಗೆದು ಬೇರೆ ಹಾಕಿ" ಎನ್ನುವರು. ಐದು ನಿಮಿಷಕ್ಕೆ ಅದೇ ಮನೆಯಿಂದ ಪಿಸುದನಿ: "ಕಾಕಾ, ತೆಗೆಯಬೇಡಿ."

ಊರಿನವರು ಗುಂಪಾಗಿ ಕುಳಿತು ನೋಡುತ್ತಿದ್ದರು, ಮಾಳಿಗೆಯ ಮೇಲೆ ನಾನು ಒಬ್ಬನೇ. ಅರ್ಧದಲ್ಲಿ ಡಿಸ್ಕ್ ಬದಲಿಸಬೇಕಾದ್ದರಿಂದ ಮಲಗುವಂತೆಯೂ ಇರಲಿಲ್ಲ. ಮೊದಲ ತಿಂಗಳು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತದ್ದೇ ಇಲ್ಲ. ಆಮೇಲೆ ಉಪಾಯ ಸಿಕ್ಕಿತು: ಕೋಣೆಯ ಟಿವಿಯ ಧ್ವನಿ ಪೂರ್ತಿ ತೆಗೆದುಬಿಡುವುದು. ಧ್ವನಿ ಇಲ್ಲದಿದ್ದರೆ ದೆವ್ವವೆಂದರೆ ಕೂದಲು ಬಿಟ್ಟುಕೊಂಡು, ಕಳೆದುಹೋದ ಕಾಲುಂಗುರ ಹುಡುಕುತ್ತಿರುವ ಹೆಣ್ಣುಮಗಳು, ಅಷ್ಟೇ. ಹೆದರಿಸುವುದು ಬಾಗಿಲಿನ ಕಿರ್ರ್ ಮತ್ತು ಪಿಟೀಲು. ಮಧ್ಯಾಹ್ನ, ಮಂಡಕ್ಕಿ ತಿನ್ನುತ್ತಾ, ಧ್ವನಿ ತೆಗೆದು ಆ ಸಿನಿಮಾದ ಹತ್ತು ನಿಮಿಷ ಅವನಿಗೆ ತೋರಿಸಿ. ಅವನೇ ಕೇಳಿದರೆ ಮಾತ್ರ. ಒತ್ತಾಯ ಬೇಡ.

ಮತ್ತೆ ಅದೇ ತಾಯಿ

ಎಲ್ಲರಿಗೂ ನಮಸ್ಕಾರ. ಸಿನಿಮಾ ಅರ್ಧಕ್ಕೆ ನಿಂತದ್ದು ನಿಜ. ಅಂದು ಕಾಕಾ ಎದ್ದು ಬಂದು ಟಿವಿ ಆರಿಸಿ ಎಲ್ಲರನ್ನೂ ಮಲಗಿಸಿದ್ದರಂತೆ. ಭಾನುವಾರ ಮಧ್ಯಾಹ್ನ ಧ್ವನಿ ತೆಗೆದು ಉಳಿದದ್ದನ್ನು ನೋಡಿದೆವು. ಮೊದಲ ಐದು ನಿಮಿಷ ನನ್ನ ಕೈ ಬಿಡಲಿಲ್ಲ. ಆಮೇಲೆ ದೆವ್ವದ ಹಿಂದೆ ಗೋಡೆಯ ಮೇಲೆ ಪ್ಲಗ್ ಕಂಡಿತು, "ಹಾಳು ಮನೆಗೆ ಕರೆಂಟ್ ಯಾರು ಕೊಟ್ಟರು?" ಎಂದು ಕೇಳಿದ. ಬಚ್ಚಲಿಗೆ ಹೋದಾಗ ಈಗ ನಾನು ಕುಳಿತಲ್ಲಿಂದಲೇ ಮಾತನಾಡುತ್ತೇನೆ, ಮಾತು ಮುಗಿದುಹೋದರೆ ಮಗ್ಗಿ ಹೇಳುತ್ತೇನೆ. ದೀಪ ಆರಿಸಲು ಇನ್ನೂ ಬಿಟ್ಟಿಲ್ಲ. ಯಜಮಾನರಿಗೆ ಕಾಕಾನ ಕಥೆ ಓದಿಸಿದೆ. ನಗಲಿಲ್ಲ, ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು.

ತಗಡಿನ ಕಥೆ ಓದಿ ಹೇಳಿದ್ದೇ ತಪ್ಪಾಯಿತು. ನಮ್ಮದು ಆರ್‌ಸಿಸಿ ಮನೆ, ತಗಡಿಲ್ಲ. ಪಕ್ಕದ ಮನೆಯ ಸ್ಕೂಟರ್ ಶೆಡ್ಡಿಗೆ ಇದೆ, ನಮ್ಮ ಮಾಳಿಗೆಯಿಂದ ಕೈಗೆ ಸಿಗುವಷ್ಟು ಹತ್ತಿರ. ನಿನ್ನೆ ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಮೇಲೆ ಹತ್ತಿದ್ದರು. ನಾಲ್ಕನೇ ಕೊಡಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.