ಮೂರು ಹೇಂಟೆಗಳಲ್ಲಿ ಒಂದು ಮೊಟ್ಟೆ ನಿಲ್ಲಿಸಿದೆ: ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ಹಿತ್ತಿಲಲ್ಲಿ ಮೂರು ಹೇಂಟೆಗಳಿವೆ, ಹುಂಜ ಇಲ್ಲ. ಮೂರಕ್ಕೂ ಸುಮಾರು ಒಂದೂವರೆ ವರ್ಷ. ಎರಡು ಸರಿಯಾಗಿ ಇಡುತ್ತಿವೆ. ಕಂದು ಬಣ್ಣದ್ದರ ಮೊಟ್ಟೆ ಮಾತ್ರ ಮೂರು ವಾರದಿಂದ ಕಂಡಿಲ್ಲ. ಮೇವು ತಿನ್ನುತ್ತದೆ, ಓಡಾಡುತ್ತದೆ, ಮಂಕಾಗಿಲ್ಲ. ಲೇಯರ್ ಫೀಡ್ (ಮೊಟ್ಟೆ ಕೋಳಿಗಳ ಸಿದ್ಧ ಮೇವು) ಕೊಡುತ್ತೇವೆ, ಸಂಜೆ ಮೂರಕ್ಕೂ ಸೇರಿ ಎರಡು ಹಿಡಿ ಮೆಕ್ಕೆಜೋಳ. ಹಗಲಿಡೀ ಹೊರಗೆ ಬಿಡುತ್ತೇವೆ. ಕ್ಯಾಲ್ಸಿಯಂ ಸಾಲದೇನೋ ಎಂದು ಚಿಪ್ಪಿನ ಪುಡಿ ಹಾಕಿ ನೋಡಿದೆವು, ಪ್ರಯೋಜನವಾಗಲಿಲ್ಲ. ವಯಸ್ಸಾಯಿತೇ? ಎಲ್ಲಿಂದ ಹುಡುಕಲು ಶುರು ಮಾಡಬೇಕು?

* * *

ಮೇವು, ಔಷಧಿ ಯಾವುದನ್ನೂ ಈಗಲೇ ಬದಲಿಸಬೇಡಿ. ಕೋಳಿ ನಿಜಕ್ಕೂ ಮೊಟ್ಟೆ ನಿಲ್ಲಿಸಿದೆಯೋ ಅಥವಾ ಇಟ್ಟ ಮೊಟ್ಟೆ ನಿಮ್ಮ ಕೈಗೆ ಸಿಗುತ್ತಿಲ್ಲವೋ ಎಂಬುದು ಮೊದಲು ಗೊತ್ತಾಗಬೇಕು. ಅದನ್ನು ಕೋಳಿಯ ಮೈ ಮುಟ್ಟಿ ನೋಡಿಯೇ ತಿಳಿಯಬಹುದು.

ಕತ್ತಲಾದ ಮೇಲೆ, ಕೋಲಿನ ಮೇಲೆ ಕೂತು ತೂಕಡಿಸುವಾಗ ಮೆಲ್ಲಗೆ ಎತ್ತಿಕೊಳ್ಳಿ. ತಲೆ ನಿಮ್ಮ ಬೆನ್ನ ಕಡೆಗೆ ಬರುವಂತೆ ಎಡಗಂಕುಳಲ್ಲಿ ಅವಚಿ ಹಿಡಿದರೆ ಬಾಲ ನಿಮ್ಮ ಮುಂದಿರುತ್ತದೆ, ಬಲಗೈ ಖಾಲಿ ಇರುತ್ತದೆ. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕದಲ್ಲಿ ಮೊನಚಾದ ಎರಡು ಸಣ್ಣ ಮೂಳೆಗಳು ಕೈಗೆ ಸಿಗುತ್ತವೆ. ಅವೆರಡರ ನಡುವೆ ಬೆರಳು ಅಡ್ಡ ಇಟ್ಟು ಅಳೆಯಿರಿ. ಎರಡು ಮೂರು ಬೆರಳು ಹಿಡಿದರೆ ಕೋಳಿ ಇಡುತ್ತಿದೆ. ಒಂದೇ ಬೆರಳು ಹಿಡಿದರೆ, ಮೂಳೆ ಗಟ್ಟಿಯಾಗಿದ್ದರೆ, ನಿಲ್ಲಿಸಿದೆ. ಆಮೇಲೆ ಎದೆಮೂಳೆಯ ತುದಿಯಿಂದ ಈ ಮೂಳೆಗಳವರೆಗಿನ ಜಾಗ ನೋಡಿ. ಇಡುವ ಕೋಳಿಯಲ್ಲಿ ಅದು ಮೂರು ನಾಲ್ಕು ಬೆರಳಗಲ ಇದ್ದು ಮೆತ್ತಗಿರುತ್ತದೆ, ನಿಲ್ಲಿಸಿದ್ದರಲ್ಲಿ ಕುಗ್ಗಿ ಬಿಗಿಯಾಗಿರುತ್ತದೆ. ದ್ವಾರವೂ ಹಾಗೇ: ಇಡುವಾಗ ಅಗಲವಾಗಿ, ಒದ್ದೆಯಾಗಿ, ಬಿಳಿಚಿಕೊಂಡಿರುತ್ತದೆ, ನಿಂತಾಗ ಸಣ್ಣಗೆ ದುಂಡಗಾಗಿ ಒಣಗಿರುತ್ತದೆ. ಜುಟ್ಟು ಕೆಂಪಗೆ ದಪ್ಪಗಿದೆಯೋ, ಸುಕ್ಕುಗಟ್ಟಿ ಹೊಟ್ಟಿನಂತಾಗಿದೆಯೋ ಅದನ್ನೂ ಗಮನಿಸಿ.

ಬೆರಳಿನ ಲೆಕ್ಕ ತಳಿಯ ಗಾತ್ರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ನಿಮ್ಮಲ್ಲಿ ಇಡುತ್ತಿರುವ ಎರಡು ಕೋಳಿ ಇವೆಯಲ್ಲ, ಮೊದಲು ಅವನ್ನು ಮುಟ್ಟಿ ನೋಡಿ ಆಮೇಲೆ ಇದನ್ನು ನೋಡಿ. ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ.

ಹಳದಿ ಕಾಲಿನ ತಳಿಯಾದರೆ ಇನ್ನೊಂದು ಗುರುತು ಇದೆ. ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಬಣ್ಣ ಭಂಡಾರಕ್ಕೆ (ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ) ಹೋಗಿ ಮೊದಲು ದ್ವಾರ, ಆಮೇಲೆ ಕಣ್ಣಂಚು, ಕೊಕ್ಕು, ಕೊನೆಗೆ ಕಾಲು ಬಿಳಿಚಿಕೊಳ್ಳುತ್ತವೆ. ನಿಲ್ಲಿಸಿದ ಮೇಲೆ ಹಳದಿ ಅದೇ ಕ್ರಮದಲ್ಲಿ ವಾಪಸು ಬರುತ್ತದೆ. ಕಾಲು ಬಿಳಿಚಿಕೊಂಡಿದ್ದು ದ್ವಾರ ಮತ್ತು ಕೊಕ್ಕಿನ ಬುಡ ಹಳದಿಯಾಗಿದ್ದರೆ, ತಿಂಗಳುಗಟ್ಟಲೆ ಚೆನ್ನಾಗಿ ಇಟ್ಟ ಕೋಳಿ ಈಚೆಗೆ ನಿಲ್ಲಿಸಿದೆ ಎಂದರ್ಥ.

* * *

ಮುಟ್ಟಿ ನೋಡಿದಾಗ ‘ಇಡುತ್ತಿದೆ’ ಎಂದು ಬಂದರೆ ಮೊಟ್ಟೆ ಎಲ್ಲೋ ಹೋಗುತ್ತಿದೆ. ಹಗಲಿಡೀ ಹೊರಗೆ ಬಿಟ್ಟ ಕೋಳಿ ಪೊದೆಯಲ್ಲೋ ಸೌದೆ ರಾಶಿಯ ಸಂದಿಯಲ್ಲೋ ಇಡಲು ಶುರುಮಾಡುವುದು ತುಂಬಾ ಸಾಮಾನ್ಯ. ನಾಲ್ಕೈದು ದಿನ ಮಧ್ಯಾಹ್ನ ಒಂದು ಗಂಟೆಯವರೆಗೆ ನೀರು, ಮೇವು ಇಟ್ಟು ಗೂಡಲ್ಲೇ ಕೂಡಿಹಾಕಿ, ಹೆಚ್ಚಿನ ಕೋಳಿಗಳು ಅಷ್ಟರೊಳಗೆ ಇಟ್ಟು ಮುಗಿಸುತ್ತವೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಹಾಗಾಗಿ ಇಡುವ ಹೊತ್ತು ದಿನದಿಂದ ದಿನಕ್ಕೆ ತಡವಾಗುತ್ತಾ ಬಂದು ನಡುವೆ ಒಂದು ದಿನ ತಪ್ಪುತ್ತದೆ. ಒಂದೇ ದಿನ ನೋಡಿ ತೀರ್ಮಾನಕ್ಕೆ ಬರಬೇಡಿ.

ಗೂಡಲ್ಲೇ ಇಟ್ಟು ಕಾಣೆಯಾಗುತ್ತಿದ್ದರೆ ಹಾಸು ನೋಡಿ. ಹುಲ್ಲು ಅಂಟಂಟಾಗಿದ್ದು ಕೊಕ್ಕಿನ ಪಕ್ಕ ಭಂಡಾರ ಒಣಗಿದ್ದರೆ ಕೋಳಿಯೇ ಒಡೆದು ತಿನ್ನುತ್ತಿದೆ. ಇಲಿ, ಕಾಗೆ ಚಿಪ್ಪಿನ ಚೂರು ಬಿಡುತ್ತವೆ. ಹಾವು ಇಡೀ ಮೊಟ್ಟೆ ನುಂಗುವುದರಿಂದ ಗುರುತೇ ಸಿಗುವುದಿಲ್ಲ, ಕತ್ತಲಲ್ಲಿ ಗೂಡಿಗೆ ಬರಿಗೈ ಹಾಕಬೇಡಿ.

* * *

ಚಿಪ್ಪಿನ ಪುಡಿಯ ಬಗ್ಗೆ ಒಂದು ಮಾತು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಅದು ಸಾಲದೆ ಬಂದಾಗ ಮೊದಲು ಚಿಪ್ಪು ತೆಳುವಾಗುತ್ತದೆ, ಚಿಪ್ಪೇ ಇಲ್ಲದ ಮೆತ್ತನೆಯ ಮೊಟ್ಟೆ ಬೀಳುತ್ತದೆ, ಆಮೇಲೆ ಇಡುವುದು ಕಡಿಮೆಯಾಗುತ್ತದೆ. ಕೊನೆಯ ಮೊಟ್ಟೆಯವರೆಗೂ ಚಿಪ್ಪು ಗಟ್ಟಿಯಾಗಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಪುಡಿಯನ್ನು ಮೇವಿಗೆ ಬೆರೆಸಬೇಡಿ, ಬೇರೆ ಬಟ್ಟಲಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಇಡದ ಕೋಳಿಗೆ ಬಲವಂತದ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹೊರೆ. ನುಣ್ಣನೆಯ ಪುಡಿಗಿಂತ ಜೋಳದ ನುಚ್ಚಿನ ಗಾತ್ರದ ಚೂರು ಒಳ್ಳೆಯದು, ಹೊಟ್ಟೆಯಲ್ಲಿ ನಿಧಾನ ಕರಗಿ ಚಿಪ್ಪು ಕಟ್ಟುವ ರಾತ್ರಿ ಹೊತ್ತಿಗೆ ಒದಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಅನುಮಾನ ಬರುವುದು ಆ ಎರಡು ಹಿಡಿ ಮೆಕ್ಕೆಜೋಳದ ಮೇಲೆ. ಹಿಡಿಗೆ 40–50 ಗ್ರಾಂ ಅಂದರೂ ಒಂದೊಂದು ಕೋಳಿಗೆ 30 ಗ್ರಾಂ ಹತ್ತಿರ ಬರುತ್ತದೆ. ಕೋಳಿ ದಿನಕ್ಕೆ ತಿನ್ನುವುದೇ 100–120 ಗ್ರಾಂ. ಲೇಯರ್ ಫೀಡಿನಲ್ಲಿ ಪ್ರೋಟೀನ್ 16–18%, ಮೆಕ್ಕೆಜೋಳದಲ್ಲಿ 8–9% ಮಾತ್ರ. 110 ಗ್ರಾಂ ಪೂರ್ತಿ ಫೀಡ್ ತಿಂದರೆ ಸುಮಾರು 18 ಗ್ರಾಂ ಪ್ರೋಟೀನ್ ಸಿಗುತ್ತದೆ. 30 ಗ್ರಾಂ ಜೋಳ ಅದರ ಜಾಗ ಹಿಡಿದರೆ 16 ಗ್ರಾಂಗೆ ಇಳಿಯುತ್ತದೆ. ದಿಟ್ಟ ಕೋಳಿ ಜೋಳವನ್ನೆಲ್ಲಾ ಮುಕ್ಕಿದರೆ ಅದರ ಪಾಲಿಗೆ ಇನ್ನೂ ಕಡಿಮೆ, ಜೊತೆಗೆ ಹೊಟ್ಟೆಯೊಳಗೆ ಕೊಬ್ಬು. ಕಾಳುಕಡಿ, ಅಡುಗೆಮನೆಯ ಉಳಿಕೆ ಎಲ್ಲಾ ಸೇರಿ ಒಂದು ಕೋಳಿಗೆ 10–12 ಗ್ರಾಂ ಮೀರದಿರಲಿ. ಮುಗ್ಗಲು ವಾಸನೆ ಬಂದ ಫೀಡ್ ಎಸೆಯಿರಿ, ಒಣಗಿಸಿದರೆ ಬೂಷ್ಟಿನ ವಿಷ ಹೋಗುವುದಿಲ್ಲ.

ಇನ್ನು ನೀರು. ಫೀಡಿನ ತೂಕದ ಎರಡರಷ್ಟು, ಅಂದರೆ 200–250 ಮಿ.ಲೀ., ಬಿಸಿಲಿಗೆ ಅದರ ಎರಡು ಪಟ್ಟು. ಒಂದು ದಿನ ನೀರು ತಪ್ಪಿದರೂ ಮೊಟ್ಟೆ ವಾರಗಟ್ಟಲೆ ನಿಲ್ಲಬಹುದು. ಒಂದೇ ಪಾತ್ರೆ ಇದ್ದರೆ ಬಲವಾದ ಕೋಳಿ ಮೆತ್ತನೆಯದನ್ನು ಹತ್ತಿರ ಬಿಡುವುದಿಲ್ಲ. ಎರಡು ಪಾತ್ರೆ, ಎರಡೂ ನೆರಳಲ್ಲಿ, ಒಂದು ಇನ್ನೊಂದಕ್ಕೆ ಕಾಣದ ಹಾಗೆ ಇಡಿ.

* * *

ಒಂದೂವರೆ ವರ್ಷಕ್ಕೆ ವಯಸ್ಸಾಗುವುದಿಲ್ಲ. ಮೊದಲ ವರ್ಷದ ನಂತರ ಮೊಟ್ಟೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ, ಏಕಾಏಕಿ ನಿಲ್ಲುವುದಿಲ್ಲ. ಆದರೆ ಮೊದಲ ಸಲ ಪೂರ್ತಿ ಪುಕ್ಕ ಉದುರಿಸುವ ಪ್ರಾಯ ಇದೇ. ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ, ಸುಮಾರು 85%. ಪುಕ್ಕ ಕಟ್ಟುವ ಕೋಳಿಗೆ ಮೊಟ್ಟೆ ಕಟ್ಟಲು ಉಳಿಯುವುದಿಲ್ಲ.

ಅಂಗಳದ ತುಂಬಾ ಪುಕ್ಕ ಬಿದ್ದಿರಬೇಕು ಎಂದೇನಿಲ್ಲ. ಕೆಲವು ಕೋಳಿ ಸ್ವಲ್ಪ ಸ್ವಲ್ಪವೇ ಉದುರಿಸುವುದರಿಂದ ದೂರದಿಂದ ಗೊತ್ತಾಗುವುದಿಲ್ಲ. ತಲೆ, ಕತ್ತಿನಿಂದ ಶುರುವಾಗಿ ಎದೆ, ಮೈ, ರೆಕ್ಕೆ, ಬಾಲದ ಕಡೆಗೆ ಹೋಗುತ್ತದೆ. ಕತ್ತಿನ ಪುಕ್ಕವನ್ನು ಎದುರು ದಿಕ್ಕಿಗೆ ಊದಿ ನೋಡಿ: ಬುಡದಲ್ಲಿ ಬೂದಿ ಬಣ್ಣದ ಸಣ್ಣ ಕೊಳವೆಗಳು ಮುಳ್ಳಿನಂತೆ ನಿಂತಿದ್ದು, ತುದಿಯಲ್ಲಿ ಕುಂಚದ ಹಾಗೆ ಎಳೆ ಬಿಚ್ಚಿದ್ದರೆ ಅವು ಹೊಸ ಪುಕ್ಕ. ಅವುಗಳೊಳಗೆ ರಕ್ತ ಇರುತ್ತದೆ, ಹಿಚುಕಿದರೆ ಕೋಳಿಗೆ ನೋವು.

ಬೆಳಕಿನ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಪೂರ್ತಿ ಇಡಲು ದಿನಕ್ಕೆ 14–16 ಗಂಟೆ ಬೆಳಕು ಬೇಕು. ಹಗಲು ಕುಗ್ಗುತ್ತಾ 12 ಗಂಟೆಗಿಂತ ಕೆಳಗಿಳಿದರೆ ಎಷ್ಟೋ ಕೋಳಿ ನಿಲ್ಲಿಸುತ್ತವೆ. ಬಲ್ಬ್ ಹಾಕುವುದಾದರೆ ಬೆಳಗಿನ ಜಾವ ಹಾಕಿ. ಸಂಜೆ ಹಾಕಿ ತಟ್ಟನೆ ಆರಿಸಿದರೆ ಕೋಲು ಹತ್ತುವ ಮೊದಲೇ ಕತ್ತಲಾಗಿ ಕೋಳಿ ನೆಲದಲ್ಲೇ ಉಳಿಯುತ್ತದೆ. ಪುಕ್ಕ ಉದುರಿಸುತ್ತಿರುವ ಕೋಳಿಗೆ ಮಾತ್ರ ಬೆಳಕು ಕೂಡಿಸಿ ಒತ್ತಾಯ ಮಾಡುವುದು ಬೇಡ, ಆ ವಿರಾಮ ಅದಕ್ಕೆ ಬೇಕು.

ಕಾವಿಗೆ ಕೂತಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಎನ್ನುತ್ತದೆ, ಎದೆಯ ಪುಕ್ಕ ಕಿತ್ತುಕೊಂಡಿರುತ್ತದೆ. ಹಾಗಿದ್ದಲ್ಲಿ ತಳಕ್ಕೆ ಜಾಲರಿ ಇರುವ, ನೆಲದಿಂದ ಎತ್ತರಿಸಿದ ಪಂಜರದಲ್ಲಿ ಹಾಸಿಲ್ಲದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಎದೆ ತಣ್ಣಗಾಗಿ ಕಾವು ಬಿಡುತ್ತದೆ.

* * *

ನುಸಿ ಮರೆಯಬೇಡಿ. ಕೆಂಪು ನುಸಿ ಹಗಲು ಕೋಳಿಯ ಮೈ ಮೇಲೆ ಇರುವುದೇ ಇಲ್ಲ, ಕೋಲಿನ ತುದಿ ಗೋಡೆಗೆ ಸೇರುವ ಸಂದಿಯಲ್ಲಿ, ಹಲಗೆಯ ಬಿರುಕಲ್ಲಿ ಅಡಗಿರುತ್ತದೆ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ಹೋಗಿ. ಕೋಲಿನ ಅಡಿಭಾಗಕ್ಕೆ ಬಿಳಿ ಕಾಗದ ಒತ್ತಿ ಎಳೆಯಿರಿ. ಕೆಂಪು ಗೀರು ಮೂಡಿದರೆ ಅದು ರಕ್ತ ಕುಡಿದ ನುಸಿ. ಹಗಲಲ್ಲಾದರೆ ಸಂದಿಗಳಲ್ಲಿ ಕಾಳುಮೆಣಸಿನ ಪುಡಿ ಉಪ್ಪು ಬೆರೆಸಿ ಚೆಲ್ಲಿದಂತೆ ಬೂದು ಬಣ್ಣದ ಧೂಳು ಕಾಣುತ್ತದೆ. ಕೋಳಿಯ ಜುಟ್ಟು ಬಿಳಿಚಿಕೊಂಡಿದ್ದರೆ, ರಾತ್ರಿ ಗೂಡಿಗೆ ಹೋಗಲು ಹಿಂಜರಿದರೆ ಇದನ್ನೇ ಮೊದಲು ನೋಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಕೋಳಿಗೆ ಮಾತ್ರ ಪುಡಿ ಹಚ್ಚುವುದು. ಮದ್ದು ಬೇಕಿರುವುದು ಗೂಡಿಗೆ. ಹಾಸು ಪೂರ್ತಿ ತೆಗೆದು ಸುಡಿ, ಕೋಲು ಬಿಚ್ಚಿ ಸಂದಿಗಳಿಗೆ ಕುದಿಯುವ ನೀರು ಸುರಿಯಿರಿ, ಒಣಗಿದ ಮೇಲೆ ಕೋಳಿಗೂಡಿಗೆಂದೇ ಇರುವ ಔಷಧಿ ಹೊಡೆಯಿರಿ. ಏಳು ದಿನಕ್ಕೆ ಮತ್ತೆ ಮಾಡಬೇಕು, ಇಲ್ಲದಿದ್ದರೆ ಉಳಿದ ನುಸಿ ಮೊಟ್ಟೆಗಳಿಂದ ಹೊಸ ಪೀಳಿಗೆ ಎದ್ದಿರುತ್ತದೆ. ಹೇನಾದರೆ ಕೋಳಿಯ ಮೈ ಮೇಲೇ ಸಿಗುತ್ತದೆ, ದ್ವಾರದ ಸುತ್ತ ಪುಕ್ಕದ ಬುಡದಲ್ಲಿ ಬಿಳಿ ಸೀರುಗಳ ಗೊಂಚಲು ಕಾಣುತ್ತದೆ.

* * *

ಕಾಯದೆ ಪಶುವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಬಾಲ ಇಳಿಬಿಟ್ಟು ಎದೆಯೆತ್ತಿ ನೆಟ್ಟಗೆ ನಿಂತು ಮತ್ತೆಮತ್ತೆ ತಿಣುಕಿದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರು ಬೆಚ್ಚಗಿನ ನೀರಲ್ಲಿ 15–20 ನಿಮಿಷ ಹೊಟ್ಟೆಯವರೆಗೆ ಕೂರಿಸಿ, ಒರೆಸಿ, ಕತ್ತಲು ಜಾಗದಲ್ಲಿ ಬಿಡಿ. ಹೊಟ್ಟೆ ಹಿಸುಕಬೇಡಿ, ಒಳಗೆ ಒಡೆದರೆ ಪ್ರಾಣಕ್ಕೇ ಅಪಾಯ. ಹೊಟ್ಟೆ ನೀರು ತುಂಬಿದ ಚೀಲದಂತೆ ತೂಗುತ್ತಿದ್ದರೆ ಭಂಡಾರ ಒಳಗೇ ಬಿದ್ದು ಸೋಂಕಾಗಿರುವ ಸಾಧ್ಯತೆ. ಮೂರೂ ಕೋಳಿ ಒಟ್ಟಿಗೆ ಕಡಿಮೆ ಮಾಡಿ ಸೀನುವುದು, ಸುಕ್ಕು ಚಿಪ್ಪು, ನೀರಾದ ಬಿಳಿಭಾಗ ಕಂಡರೆ ಸಾಂಕ್ರಾಮಿಕ ಬ್ರಾಂಕೈಟಿಸ್, ರಾಣಿಖೇತ್‌ನಂಥ ರೋಗದ ಅನುಮಾನ ಬರಬೇಕು. ಎದೆಮೂಳೆ ಕತ್ತಿಯಂತೆ ಎದ್ದಿದ್ದರೆ ಹಿಕ್ಕೆ ಪರೀಕ್ಷೆ ಮಾಡಿಸಿ ಜಂತುಹುಳುವಿನ ಔಷಧಿ ಕೊಡಿ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ.

* * *

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಎಲ್ಲ ನೋಡಿದೆವು. ಇದಕ್ಕೆ ಒಂದೇ ಬೆರಳು, ಉಳಿದೆರಡಕ್ಕೆ ಮೂರು ಬೆರಳು. ದ್ವಾರ ಒಣಗಿದೆ, ಜುಟ್ಟು ಸುಕ್ಕಾಗಿದೆ. ಕಾಗದದಲ್ಲಿ ಕೆಂಪು ಬರಲಿಲ್ಲ. ಹೊಟ್ಟೆ ಊದಿಲ್ಲ, ಎದೆಯಲ್ಲಿ ಮಾಂಸ ಇದೆ. ಕತ್ತಿನ ಪುಕ್ಕ ಊದಿದಾಗ ನೀವು ಹೇಳಿದ ಬೂದಿ ಮುಳ್ಳುಗಳು ಸಾಲಾಗಿ ಕಂಡವು.

* * *

ಹಾಗಾದರೆ ಪುಕ್ಕ ಉದುರಿಸುವುದೇ ಕಾರಣ, ಔಷಧಿ ಏನೂ ಬೇಡ. ಜೋಳ ಪೂರ್ತಿ ನಿಲ್ಲಿಸಿ. ಲೇಯರ್ ಫೀಡ್ ಮುಂದುವರಿಸಿ, ಮೇಲಿಂದ ಪ್ರೋಟೀನ್ ಕೊಡಿ: ಬೇಯಿಸಿದ ಮೊಟ್ಟೆ, ಉಪ್ಪು ಹಾಕದ ಒಣಮೀನು ಅಥವಾ ಹುಳು, ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ಎತ್ತಿಕೊಳ್ಳುವುದು ಕಡಿಮೆ ಮಾಡಿ, ಈ ಅವಧಿಯಲ್ಲಿ ಹೊಸ ಕೋಳಿ ತಂದು ಬಿಡಬೇಡಿ. ಉಳಿದೆರಡು ಇದರ ಬೋಳು ಜಾಗ ಕುಕ್ಕುತ್ತವೆಯೇ ನೋಡುತ್ತಿರಿ, ರಕ್ತ ಕಂಡರೆ ಅದೇ ದಿನ ಬೇರ್ಪಡಿಸಿ.

ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ, ಅದರಲ್ಲಿ ಮೂರು ಕಳೆದಿದೆ. ಉಳಿದೆರಡೂ ಒಂದೇ ಪ್ರಾಯದವು, ಅವೂ ಇದೇ ದಾರಿ ಹಿಡಿದರೆ ಗಾಬರಿಯಾಗಬೇಡಿ. ಮೊಟ್ಟೆ ಮತ್ತೆ ಶುರುವಾಗುವ ಮೊದಲು ಜುಟ್ಟು ಕೆಂಪಾಗಿ ತುಂಬಿಕೊಳ್ಳುತ್ತದೆ, ಬೆನ್ನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಕುಕ್ಕರಿಸುತ್ತದೆ, ಗೂಡಿಗೆ ಇಣುಕಿ ಹಾಸು ಕೆದಕುತ್ತದೆ. ಅಷ್ಟು ಕಂಡ ದಿನ ಮೂಳೆಗಳ ನಡುವೆ ಮತ್ತೊಮ್ಮೆ ಬೆರಳಿಟ್ಟು ನೋಡಿ. ಎರಡು ಬೆರಳು ಹಿಡಿದರೆ ಗೂಡಿಗೆ ಹೊಸ ಹುಲ್ಲು ಹಾಕಿಡಿ.