ಕೋರ್ಟ್ ಹರಾಜಿನಲ್ಲಿ ಮನೆ ಹೋಗಿದೆ, ರದ್ದು ಮಾಡಿಸಬಹುದಾ?

ನಿದ್ದೆಗೆಟ್ಟವನು:
ನಮ್ಮಪ್ಪ ಒಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರು. ಸಾಲ ತಗೊಂಡವರು ಕಟ್ಟಲಿಲ್ಲ, ದುಡ್ಡು ಕಟ್ಟಬೇಕು ಅನ್ನುವ ಕೋರ್ಟಿನ ಡಿಕ್ರಿ ಅಪ್ಪನ ಮೇಲೂ ಆಯ್ತು, ಕೊನೆಗೆ ಅದನ್ನು ಜಾರಿ ಮಾಡುವ ಎಕ್ಸಿಕ್ಯೂಷನ್ ಕೇಸಿನಲ್ಲಿ ಕೋರ್ಟು ಮನೆ, ಪಕ್ಕದ ಖಾಲಿ ಸೈಟು ಎರಡನ್ನೂ ಹರಾಜು ಹಾಕಿದೆ. ಇವತ್ತಿಗೆ 38 ದಿನ. ನಮಗೆ ಗೊತ್ತಾಗಿದ್ದೇ ಹೋದ ವಾರ, ಯಾರೋ ಇಬ್ಬರು ಟೇಪು ಹಿಡಿದು ಕಾಂಪೌಂಡ್ ಅಳೆಯುತ್ತಿದ್ದಾಗ. ಅರ್ಧ ಬೆಲೆಗೂ ಹೋಗಿಲ್ಲ. ಅದನ್ನೇ ಹೇಳಿ ಅರ್ಜಿ ಹಾಕಿದರೆ ಸಾಕಾ? ಟೈಮು ನಮಗೆ ಗೊತ್ತಾದ ದಿನದಿಂದ ತಾನೇ?

ಹಳೇ ಫೈಲು:
ಅಲ್ಲ. ಹರಾಜಾದ ದಿನದಿಂದ 60 ದಿನ, ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ 127ನೇ ಆರ್ಟಿಕಲ್. ತಡವಾಗಿದ್ದನ್ನು ಮನ್ನಿಸಿ ಅಂತ ಸೆಕ್ಷನ್ 5ರ ಅರ್ಜಿ ಇಲ್ಲಿ ನಡೆಯುವುದಿಲ್ಲ. ಮೋಸದಿಂದ ಮುಚ್ಚಿಟ್ಟಿದ್ದರು ಅಂತ ಸಾಬೀತು ಮಾಡಿದರೆ ಬೇರೆ ಮಾತು, ಆದರೆ ಅದನ್ನು ನಂಬಿ ಕೂರಬೇಡಿ. ನಿಮಗೆ ಉಳಿದಿರುವುದು 22 ದಿನ.

ಬೆಲೆ ಕಡಿಮೆ ಆಯ್ತು ಅನ್ನುವುದೊಂದೇ ಸಾಲದು. ಸಿ.ಪಿ.ಸಿ. (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 21, ರೂಲ್ 90ರಲ್ಲಿ ಎರಡು ತೋರಿಸಬೇಕು: ಹರಾಜು ಪ್ರಕಟಿಸಿದ್ದರಲ್ಲೋ ನಡೆಸಿದ್ದರಲ್ಲೋ ದೊಡ್ಡ ಲೋಪ ಅಥವಾ ಮೋಸ ಆಗಿದೆ, ಅದರಿಂದಲೇ ನಿಮಗೆ ಭಾರಿ ನಷ್ಟ ಆಗಿದೆ. ಎರಡಕ್ಕೂ ಗಂಟು ಬೀಳದಿದ್ದರೆ ಅರ್ಜಿ ವಜಾ. ಹರಾಜಿನ ಘೋಷಣೆ ಹೊರಡುವ ಮೊದಲೇ ಎತ್ತಬಹುದಾಗಿದ್ದ ತಕರಾರನ್ನು ಈಗ ಎತ್ತಲೂ ಬಿಡುವುದಿಲ್ಲ.

ಬಾಗಿಲಿಲ್ಲದ ಸೈಟು:
ವಕೀಲರ ಹತ್ತಿರ ಓಡುವ ಮೊದಲು ಫೈಲಿನ ನಕಲು ತಗೊಳ್ಳಿ ಅಣ್ಣ. ನಮ್ಮ ಕೇಸಿನಲ್ಲಿ ಕೋರ್ಟಿನ ನೋಟಿಸು ಜಾರಿ ಮಾಡುವ ಅಮೀನರ ವರದಿ ನೀಟಾಗಿತ್ತು: ಡಂಗುರ ಹೊಡೆಸಿದೆ, ಘೋಷಣೆಯ ಪ್ರತಿಯನ್ನು ಮುಂಬಾಗಿಲಿಗೆ ಅಂಟಿಸಿದೆ, ಇಬ್ಬರು ಪಂಚರ ಸಹಿ. ಅದು ಖಾಲಿ ಸೈಟು ಮಾರಾಯ್ರೇ! ಬಾಗಿಲು ಎಲ್ಲಿಂದ ಬರಬೇಕು? ಪಾಟಿ ಸವಾಲಿನಲ್ಲಿ ನಮ್ಮ ವಕೀಲರು ಕೇಳಿದ್ದು ಅದೊಂದೇ ಪ್ರಶ್ನೆ. ಹರಾಜಿಗೆ ಬಂದಿದ್ದು ಒಬ್ಬರೇ, ಅಪ್ಸೆಟ್ ಬೆಲೆಗೇ (ಹರಾಜು ಶುರುವಾಗುವ ಕನಿಷ್ಠ ಬೆಲೆ) ಕೂಗಿದ್ದರು. ಸುದ್ದಿ ಯಾರಿಗೂ ಮುಟ್ಟಲಿಲ್ಲ, ಅದಕ್ಕೇ ಬೆಲೆ ಬಿತ್ತು ಅಂತ ಜಡ್ಜ್ ಒಪ್ಪಿದರು.

ಇನ್ನೊಂದು, ದುಡ್ಡಿನ ತಾರೀಕು ನೋಡಿ. ಕೊಂಡವರು ಅವತ್ತೇ ಕಾಲು ಭಾಗ ಕಟ್ಟಬೇಕು, ಉಳಿದದ್ದು 15 ದಿನದೊಳಗೆ. ಒಂದು ದಿನ ತಪ್ಪಿದರೂ ಹರಾಜು ಅಸಿಂಧು, ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ.

ಹಳೇ ಫೈಲು:
ಕೊಂಡವರು ದುಡ್ಡು ಕಟ್ಟಿದ ಚಲನ್ ವಿಷಯ ನಾನು ಬಿಟ್ಟಿದ್ದೆ, ಒಳ್ಳೇದಾಯ್ತು. ಸೈಟು ಒಂದರಿಂದಲೇ ಸಾಲ ತೀರುವಂತಿದ್ದರೆ ರೂಲ್ 64 ಕೂಡ ಹಿಡಿಯಿರಿ, ಬೇಕಾದಷ್ಟು ಭಾಗ ಮಾತ್ರ ಮಾರಬೇಕು.

ನಿದ್ದೆಗೆಟ್ಟವನು:
ಚಿಕ್ಕಪ್ಪ ದುಡ್ಡು ಹೊಂದಿಸುತ್ತೇನೆ ಅನ್ನುತ್ತಿದ್ದಾರೆ. ಪೂರ್ತಿ ಕಟ್ಟಿಬಿಟ್ಟರೆ ಈ ಜಗಳವೇ ಬೇಡ ಅಲ್ವಾ?

ಲೆಕ್ಕದ ಪುಸ್ತಕ:
ದುಡ್ಡು ನಿಜವಾಗಲೂ ಸಿಗುವುದಾದರೆ ನಾನು ಅದೇ ದಾರಿ ಹಿಡಿಯುತ್ತಿದ್ದೆ. ರೂಲ್ 89. ಘೋಷಣೆಯಲ್ಲಿ ಬರೆದಿರುವ ಬಾಕಿ, ಜೊತೆಗೆ ಕೊಂಡವರಿಗೆ ಹರಾಜು ಮೊತ್ತದ 5%, ಎರಡನ್ನೂ ಕೋರ್ಟಿನಲ್ಲಿ ಕಟ್ಟಬೇಕು. ತಪ್ಪು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಅರ್ಜಿ, ದುಡ್ಡು ಎರಡೂ ಆ 60 ದಿನದೊಳಗೇ. ಹಳೇ ಪುಸ್ತಕಗಳಲ್ಲಿ ದುಡ್ಡಿಗೆ 30 ದಿನ ಅಂತಿರುತ್ತದೆ, ಗಾಬರಿ ಬೇಡ, 2002ರಲ್ಲಿ ಅದು 60 ಆಯ್ತು. ನೂರು ರೂಪಾಯಿ ಕಮ್ಮಿ ಕಟ್ಟಿದರೂ ತಕರಾರು ಬರುತ್ತದೆ, ಲೆಕ್ಕವನ್ನು ಕೋರ್ಟ್ ಆಫೀಸಿನಲ್ಲೇ ಕೇಳಿ.

ಆದರೆ ರೂಲ್ 90ರ ಅರ್ಜಿ ಹಾಕಿದ್ದರೆ ಅದನ್ನು ವಾಪಸ್ ತಗೊಳ್ಳದೆ 89 ನಡೆಸುವಂತಿಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡಿ. ಅರ್ಜಿ ವಜಾ ಆದರೂ ಬೇರೆ ದಾವಾ ಹಾಕಲು ಆಗುವುದಿಲ್ಲ, ಅಪೀಲೇ ಗತಿ.

ಅಂದಹಾಗೆ ಇದು ಕೋರ್ಟ್ ಹರಾಜೇ ಅಂತ ಖಾತ್ರಿ ತಾನೇ? ಅಡವಿನ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಹಾಕಿದ್ದಾದರೆ ಮೇಲಿನದ್ದು ಯಾವುದೂ ಬರುವುದಿಲ್ಲ. ಡಿ.ಆರ್.ಟಿ.ಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಬೇಕು, ಅಲ್ಲಿ 45 ದಿನ.

ನಿದ್ದೆಗೆಟ್ಟವನು:
ಕೋರ್ಟಿನದ್ದೇ ಸಾರ್, ಕೇಸ್ ನಂಬರ್ ಇದೆ. ನಾಳೆ ಬೆಳಿಗ್ಗೆ ನಕಲಿಗೆ ಅರ್ಜಿ ಹಾಕುತ್ತೇನೆ. ಚಿಕ್ಕಪ್ಪನ ದುಡ್ಡು ಈ ವಾರದಲ್ಲಿ ಕೈಗೆ ಬಂದರೆ 89, ಇಲ್ಲದಿದ್ದರೆ ಅಮೀನರ ವರದಿ ಏನು ಹೇಳುತ್ತದೋ ನೋಡಿ ಇಲ್ಲೇ ಬರೆಯುತ್ತೇನೆ.